ಮೋಡಣ್ಣನ ಬರಿ ಹೊಟ್ಟೆ

ಆ ಶನಿವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಓಣಿಯ ಎದುರು ಸಾಲಿನ ಮನೆಯವರು ಬೈಯುವುದು ಕೇಳಿಸುತ್ತಿತ್ತೇ ಹೊರತು ಯಾರಿಗೆ ಬೈಯುತ್ತಿದ್ದಾರೆಂದು ಕಾಣಿಸುತ್ತಿರಲಿಲ್ಲ. ಭಗವಂತ ಮೇಲೆ ಹಾಲು ಕಾಯಿಸಲು ಇಟ್ಟು ಯಾವುದೋ ಭಕ್ತನ ಕರೆಗೆ ಎದ್ದುಹೋಗಿ, ಅದು ಉಕ್ಕಿ ಇಡೀ ಊರಿನ ಮೇಲೆ ಹರಿದಂತಿತ್ತು. ಇನ್ನೂ ಆರಿಸದ ಬೀದಿದೀಪಗಳು ಆ ಬಿಳುಪಿನ ನಡುವೆ ಮೊಟ್ಟೆಯೊಳಗಿನ ಹಳದಿಯಂತೆ ಮೆತ್ತಗೆ ಹೊಳೆಯುತ್ತಿದ್ದವು.

ಹಾಲು, ಮೊಟ್ಟೆ ಎಂದೆಲ್ಲ ತೋರಿದ್ದು ಕಿಟಕಿಯಲ್ಲಿ ನಿಂತಿದ್ದ ಮೋಡಣ್ಣನೊಬ್ಬನಿಗೇ. ಅದಕ್ಕೆ ಕಾರಣ ಕವಿತ್ವವಲ್ಲ, ಹಸಿವು. ರಕ್ತಪರೀಕ್ಷೆಗೆ ಹನ್ನೆರಡು ಗಂಟೆ ಕಾಲ ಬರಿ ಹೊಟ್ಟೆಯಲ್ಲಿರಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ಒಳ್ಳೆಯದು ಹೆಚ್ಚಾದರೆ ಇನ್ನೂ ಒಳ್ಳೆಯದೇ ಅಲ್ಲವೇ ಎಂದು ಅವನು ನಿನ್ನೆ ಮಧ್ಯಾಹ್ನದಿಂದಲೇ ಊಟ ಬಿಟ್ಟಿದ್ದ.

ಮೋಡಣ್ಣ ಗೂಡ್ಸ್ ಯಾರ್ಡಿನಲ್ಲಿ ಕ್ರೇನ್ ನಡೆಸುವವನು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ನೂರಿಪ್ಪತ್ತು ಮೆಟ್ಟಿಲು ಹತ್ತಿದರೆ ಅವನ ಗಾಜಿನ ಗೂಡು. ಕೆಳಗೆ ಲಾರಿಗಳು ಬೆಂಕಿಪೊಟ್ಟಣಗಳಾಗುತ್ತಿದ್ದವು, ಮೇಲಧಿಕಾರಿಗಳು ಇರುವೆಗಳಾಗುತ್ತಿದ್ದರು. ಮೋಡಗಳು ಗಾಜಿಗೆ ಕೆನ್ನೆ ಒರೆಸಿಕೊಂಡು ಹೋಗುವಾಗ ಅವನಿಗೆ ಪ್ರಾರ್ಥನೆಗೆ ಬೇರೆ ಜಾಗ ಬೇಕೆನಿಸುತ್ತಿರಲಿಲ್ಲ. ದೇವರ ಮನೆಯ ಹೊಸ್ತಿಲ ಮೇಲೆ ಕೂತು ಪೆಟ್ಟಿಗೆ ಎತ್ತಿ ಇಳಿಸುವುದಕ್ಕೆ ಸಂಬಳವನ್ನೂ ಕೊಡುತ್ತಾರಲ್ಲ ಎಂದು ಅವನಿಗೆ ಹದಿನೆಂಟು ವರ್ಷಗಳಿಂದಲೂ ಆಶ್ಚರ್ಯ.

ಆ ಹೊಸ್ತಿಲು ಈಗ ಕೈತಪ್ಪುವುದರಲ್ಲಿತ್ತು. ಹೋದ ತಿಂಗಳ ಪರೀಕ್ಷೆಯಲ್ಲಿ ಅವನ ರಕ್ತದ ಸಕ್ಕರೆ ಮಿತಿ ಮೀರಿ ಬಂದಿತ್ತು. "ಎತ್ತರದ ಕೆಲಸ ನೋಡಪ್ಪ, ಹುಡುಗಾಟ ಅಲ್ಲ," ಎಂದಿದ್ದರು ಸೂಪರ್‌ವೈಸರ್. "ಇನ್ನೊಂದ್ಸಲ ಪರೀಕ್ಷೆ ಮಾಡಿಸ್ಕೊ. ಶನಿವಾರ ಮಧ್ಯಾಹ್ನದೊಳಗೆ ರಿಪೋರ್ಟ್ ಸರಿಯಾಗಿ ಬಂದ್ರೆ ನೀನು ಮೇಲೆ. ಇಲ್ಲ ಅಂದ್ರೆ ಕೆಳಗೆ, ಉಗ್ರಾಣದಲ್ಲಿ." ಉಗ್ರಾಣವೆಂದರೆ ಕಿಟಕಿಯಿಲ್ಲದ ನೆಲಮನೆ. ಅಲ್ಲಿ ಬೋಲ್ಟು ಒಂದು ಕಡೆ, ನಟ್ಟು ಒಂದು ಕಡೆ ಆರಿಸಿ ಹಾಕುತ್ತಾ ಕೂರಬೇಕು.

ಸಕ್ಕರೆ ಮಿತಿ ಮೀರಿದ್ದಕ್ಕೆ ಕಾರಣ ರೋಗವಲ್ಲ, ಓಣಿ. ಮೂರು ತಿಂಗಳ ಹಿಂದೆ ಯಾರೋ ವೈದ್ಯರು ಬಂದು, ಬೆಳಗಿನ ತಿಂಡಿಯೇ ಆರೋಗ್ಯದ ತಳಪಾಯ ಎಂದು ಭಾಷಣ ಮಾಡಿ ಹೋಗಿದ್ದರು. ವೈದ್ಯರು ಹೋದರು, ತಳಪಾಯ ಉಳಿಯಿತು. ಮನೆಗೊಂದು ತಿಂಡಿ, ತಿಂಡಿಗೊಂದು ಸಿದ್ಧಾಂತ. ಆ ಓಣಿಯಲ್ಲಿ ಬಾಗಿಲಲ್ಲಿ ನಿಂತು ಕೊಟ್ಟದ್ದನ್ನು ಬೇಡವೆಂದವರು ಯಾರೂ ಇರಲಿಲ್ಲ. ಅಂದವರ ಜೊತೆ ಮಾತು ಬಿಟ್ಟ ಮನೆಗಳಿದ್ದವು.

"ರೀ, ದಾರೀಲಿ ಯಾರು ಏನು ಕೊಟ್ರೂ ಬಾಯಿಗೆ ಹಾಕ್ಕೋಬೇಡಿ," ಎಂದಳು ಹೆಂಡತಿ, ಮಫ್ಲರ್ ಸುತ್ತುತ್ತಾ. "ನಿಮಗೆ ಬೇಡ ಅನ್ನೋಕೇ ಬರಲ್ಲ."

"ಯಾಕೆ ಬರಲ್ಲ? ಬರುತ್ತೆ."

"ಎಲ್ಲಿ, ಅನ್ನಿ ನೋಡೋಣ."

"ಬೇ..." ಎಂದ ಮೋಡಣ್ಣ. ಉಳಿದರ್ಧ ಗಂಟಲಿನಿಂದ ಮೇಲೆ ಬರಲಿಲ್ಲ.

"ಬಂದಿದ್ರೆ ನನ್ನನ್ನ ಮದುವೆ ಆಗ್ತಿದ್ರಾ ನೀವು? ಹೋಗಿ, ದೇವರಿದ್ದಾನೆ."

ದೇವರಿದ್ದ. ಆದರೆ ಅವನಿಗಿಂತ ಮೊದಲು ಮೂಲೆಮನೆ ಅಜ್ಜಿ ಇದ್ದಳು. ಮಂಜಿನೊಳಗಿಂದ ಮೊದಲು ಒಂದು ಲೋಟ, ಆಮೇಲೆ ಒಂದು ಕೈ, ಕೊನೆಗೆ ಅಜ್ಜಿ ಹೊರಬಂದಳು.

"ಬಾರೋ ಮೋಡ, ಜೇನು ನೀರು ಕುಡಿ. ನೆನೆಸಿದ ಬಾದಾಮಿನೂ ಇದೆ, ಸಿಪ್ಪೆ ಸುಲಿದಿಟ್ಟಿದ್ದೀನಿ."

"ಅಜ್ಜಿ, ಇವತ್ತು ರಕ್ತ ಕೊಡೋದಿದೆ. ತಿಂಡಿ ತಿನ್ನೋ ಹಾಗಿಲ್ಲ."

"ಇದ್ಯಾವ ಸೀಮೆ ತಿಂಡಿಯೋ? ಇದು ಔಷಧಿ! ರಕ್ತ ಕೊಡೋನಿಗೆ ಮೈಯಲ್ಲಿ ರಕ್ತ ಬೇಡ್ವಾ?"

ಹೋದ ತಿಂಗಳು ಸಕ್ಕರೆ ಏರಿಸಿದ್ದು ಇದೇ ಜೇನು. ಮೋಡಣ್ಣ ಜಾಣನಾದ. "ದಾರೀಲಿ ತಗೋತೀನಜ್ಜಿ," ಎಂದ. ಅಜ್ಜಿ ಜೇನುನೀರನ್ನು ಬಾಟಲಿಗೆ, ಬಾದಾಮಿಯನ್ನು ಡಬ್ಬಿಗೆ ತುಂಬಿ ಅವನ ಚೀಲಕ್ಕೆ ಹಾಕಿದಳು.

ಮೂರು ಮನೆ ದಾಟುವಷ್ಟರಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಗೇಟಿಗೆ ಅಡ್ಡ ನಿಂತಿದ್ದರು. "ನಿಲ್ಲು! ಮೊಳಕೆ ಕಾಳು. ಒಂದೊಂದು ತುತ್ತು ಮೂವತ್ತೆರಡು ಸಲ ಅಗೀಬೇಕು. ನಾನು ಎಣಿಸ್ತೀನಿ, ಹೂಂ, ಶುರು!"

"ಮೇಷ್ಟ್ರೇ, ಬಸ್ಸು ಬಂದ್ಬಿಡುತ್ತೆ. ದಾರೀಲಿ ಅಗೀತೀನಿ."

"ನೀನೇ ಎಣಿಸ್ಕೊಳ್ತೀಯಾ? ಮೋಸ ಮಾಡಬಾರದು."

"ದೇವರಾಣೆ ಎಣಿಸ್ತೀನಿ," ಎಂದ. ಮತ್ತೊಂದು ಡಬ್ಬಿ ಒಳಗೆ ಹೋಯಿತು.

ಟೈಲರ್ ಅಂಗಡಿಯ ಮುಂದೆ ಟೇಪನ್ನು ಕೊರಳಿಗೆ ಹೂಮಾಲೆಯಂತೆ ಹಾಕಿಕೊಂಡಿದ್ದ ಟೈಲರ್, ಬಾಳೆಹಣ್ಣು ಹಿಸುಕಿ ಹಾಕಿದ ಓಟ್ಸ್ ಗಂಜಿಯೊಂದಿಗೆ ಕಾದಿದ್ದ. "ಏನಣ್ಣ, ಕಾಲರು ದೊಗಳೆ ಆಗ್ತಿದೆ, ಕುತ್ತಿಗೆ ಇಳಿದುಹೋಗಿದೆ! ಇದು ತಿಂಡಿ ಅಂದ್ಕೋಬೇಡಿ, ಮೈಗೆ ಹಾಕೋ ಒಳಲೈನಿಂಗು." ಅವನ ಹೆಂಡತಿ ಒಳಗಿನಿಂದಲೇ ಕೂಗಿ ಎರಡು ಬೇಯಿಸಿದ ಮೊಟ್ಟೆಯನ್ನೂ ಕೊಡಿಸಿದಳು. ಬಸ್‌ಸ್ಟಾಪಿನಲ್ಲಿ ಕ್ಷೌರಿಕ, ಹೆಚ್ಚಿದ ಪಪ್ಪಾಯಿ ಕೊಟ್ಟು, ಅದನ್ನು ತಿಂದವನ ತಲೆಗೂದಲು ಎಂಬತ್ತಕ್ಕೂ ಕಪ್ಪಗಿರುತ್ತದೆ ಎಂದ. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ.

ಬಸ್ಸು ಮಂಜಿನಲ್ಲಿ ತೇಲಿ ಬಂದಾಗ ಮೋಡಣ್ಣನಿಗೆ ಅದು ಈಗಷ್ಟೇ ಒಲೆಯಿಂದ ತೆಗೆದ ಉದ್ದನೆಯ ಬ್ರೆಡ್ಡಿನಂತೆ ಕಂಡಿತು. ಹತ್ತಿ ಕೂತ. ತೊಡೆಯ ಮೇಲಿನ ಚೀಲ ಹೆರಿಗೆಗೆ ಹೊರಟ ಬಸುರಿಯಂತೆ ಬೀಗಿತ್ತು. ಪಪ್ಪಾಯಿಯ ಕಂಪು ಬೇರೆ ಮೂಗಿನ ಹತ್ತಿರ ಬಂದು, ನಿನ್ನ ಹೆಸರೇನು ಎಂದು ವಿಚಾರಿಸುತ್ತಿತ್ತು. ಅವನು ಕಣ್ಣು ಮುಚ್ಚಿದ. ಸ್ವಾಮಿ, ಹಸಿವನ್ನೂ ನೀನೇ ಕೊಟ್ಟೆ, ಅನ್ನವನ್ನೂ ನೀನೇ ಕೊಟ್ಟೆ, ಎರಡನ್ನೂ ಒಂದೇ ಚೀಲದ ಆಚೆ ಈಚೆ ಇಟ್ಟು ಯಾಕೆ ನೋಡುತ್ತೀಯ? ಹೀಗೆ ಕೇಳುತ್ತಲೇ ಸ್ವಲ್ಪ ನಿದ್ದೆ ಹೋದ. ಕನಸಿನಲ್ಲಿ ಕ್ರೇನಿನ ಕೊಕ್ಕೆಗೆ ಒಂದು ದೊಡ್ಡ ಮೋಡ ಸಿಕ್ಕಿತ್ತು. ಎತ್ತಿ ನೋಡಿದರೆ ಅದು ಓಟ್ಸ್ ಗಂಜಿ.

ಪರೀಕ್ಷಾ ಕೇಂದ್ರದಲ್ಲಿ ಕಿಟಕಿಯ ಹೆಂಗಸು ಅವನ ಹೆಸರನ್ನೂ ಯಾರ್ಡಿನ ಹೆಸರನ್ನೂ ಬರೆದುಕೊಂಡು ಹಿತ್ತಾಳೆಯ ಬಿಲ್ಲೆಯೊಂದನ್ನು ಕೈಗಿಟ್ಟಳು. ಹತ್ತೊಂಬತ್ತು. ಒಳಗೆ ಕರೆಯುತ್ತಿದ್ದದ್ದು ಆರು. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಬಿದಿರಿನಂತೆ ನೀಳವಾದ ಮನುಷ್ಯನೊಬ್ಬ ಕೈಕಟ್ಟಿ ಕೂತಿದ್ದ.

"ತಿಂಡಿ ಆಯ್ತಾ?" ಎಂದ ಮೋಡಣ್ಣ. ಬಾಯಿ ತೆರೆದರೆ ಬೇರೆ ಮಾತು ಬರುವ ಸ್ಥಿತಿಯಲ್ಲಿ ಅವನಿರಲಿಲ್ಲ.

"ಇನ್ನೂ ಎಲ್ಲಿ ಸಾರ್," ಎಂದು ಬಿದಿರು ನಿಟ್ಟುಸಿರು ಬಿಟ್ಟಿತು. "ಊರಿಗೆ ಹೊಸಬ ನಾನು. ಯಾರೂ ಪರಿಚಯ ಇಲ್ಲ."

ಮೋಡಣ್ಣನ ಕರುಳು ಚುರ್ ಎಂದಿತು. ಅದು ಹಸಿವೋ ಕರುಣೆಯೋ ಅವನಿಗೂ ತಿಳಿಯಲಿಲ್ಲ. ಚೀಲ ಎದುರಿಗಿರುವವರೆಗೆ ತನ್ನ ವ್ರತ ಉಳಿಯುವುದಿಲ್ಲ, ಎಸೆದರೆ ಅನ್ನ ಎಸೆದ ಪಾಪ. ಇದೋ, ಭಗವಂತ ದಾರಿಯನ್ನೂ ತೋರಿಸಿದ, ದಾರಿಗೊಬ್ಬ ಮನುಷ್ಯನನ್ನೂ ಕೂರಿಸಿದ!

"ತಗೊಳ್ಳಿ," ಎಂದು ಡಬ್ಬಿ ತೆರೆದ.

"ಅಯ್ಯೋ, ಬೇಡ ಸಾರ್. ನಾನು ಇವತ್ತು..."

"ಇದು ತಿಂಡಿ ಅಲ್ಲ ಕಣ್ರೀ, ಔಷಧಿ!" ಮೋಡಣ್ಣನ ಬಾಯಿಂದ ಅಜ್ಜಿಯ ದನಿಯೇ ಹೊರಟಿತು. "ಬೇಡ ಅಂದ್ರೆ ಕೊಟ್ಟವರಿಗೆ ಎಷ್ಟು ನೋವಾಗುತ್ತೆ ಗೊತ್ತಾ?"

ನೀಳ ಮನುಷ್ಯ ಬಾದಾಮಿ ತಿಂದ. ಮೊಳಕೆ ಕಾಳು ತಿಂದ. ಮೇಷ್ಟ್ರಿಗೆ ಕೊಟ್ಟ ಮಾತಿನಂತೆ ಮೋಡಣ್ಣನೇ ಎಣಿಸಿದ. ಓಟ್ಸ್ ಇಳಿಯಿತು, ಮೊಟ್ಟೆ ಇಳಿಯಿತು, ಪಪ್ಪಾಯಿ ಜಾರಿತು, ಅದರ ಮೇಲೆ ಜೇನುನೀರು ಗುಳುಗುಳು ಎಂದಿತು. ಪ್ರತಿ ತುತ್ತಿಗೂ ಮೋಡಣ್ಣ ತಾನೂ ಉಗುಳು ನುಂಗಿದ. ಹೊರಗೆ ಮಂಜು ತೆಳುವಾಗಿ, ಕಿಟಕಿಯಿಂದ ಎಳೆಬಿಸಿಲು ಬೆಣ್ಣೆ ಸವರಿದಂತೆ ನೆಲಕ್ಕೆ ಬಿತ್ತು.

"ನನ್ನ ತಾಯಿ ಹೋದ್ಮೇಲೆ ಯಾರೂ ಹೀಗೆ ಕೂರಿಸಿ ತಿನ್ನಿಸಿರ್ಲಿಲ್ಲ," ಎಂದ ಆತ, ಕಣ್ಣೊರೆಸಿಕೊಳ್ಳುತ್ತಾ. ಆಗಲೇ ಒಳಗಿನಿಂದ "ಏಳು!" ಎಂದು ಕರೆದರು. ಆತ ತನ್ನ ಬಿಲ್ಲೆ ನೋಡಿದ, ಮೋಡಣ್ಣನ ಬಿಳಚಿದ ಮುಖ ನೋಡಿದ. "ಏಳು ನಂದೇ. ಆದ್ರೆ ನೀವು ಕೂತಲ್ಲೇ ತೂಗಾಡ್ತಿದ್ದೀರಿ. ತಗೊಳ್ಳಿ, ನೀವು ಮೊದಲು ಹೋಗಿ. ನನಗೀಗ ಎಷ್ಟು ಹೊತ್ತು ಬೇಕಾದ್ರೂ ಕೂರೋ ಶಕ್ತಿ ಇದೆ."

ಬಿಲ್ಲೆಗಳು ಕೈ ಬದಲಾದವು. ಸೂಜಿ ಚುಚ್ಚಿದಾಗ ಮೋಡಣ್ಣ ನಕ್ಕ. ಒಳಗಿದ್ದಾಕೆ ಬಿಲ್ಲೆಯ ನಂಬರನ್ನು ಶೀಶೆಗೆ ಅಂಟಿಸಿದಳು. "ರಿಪೋರ್ಟು ನೇರವಾಗಿ ನಿಮ್ಮ ಆಫೀಸಿಗೇ ಹೋಗುತ್ತೆ," ಎಂದಳು. ಅವನಿಗೆ ಆ ಮಾತು ದೂರದ ಗಂಟೆಯ ನಾದದಂತೆ ಇಂಪಾಗಿತ್ತು.

ಮನೆಗೆ ಹೋಗಿ ಊಟ ಮಾಡಿದರೆ ನಿದ್ದೆ ಬಂದೀತೆಂದು ಹೆದರಿ ಅವನು ನೇರ ಯಾರ್ಡಿಗೇ ಹೋದ. ಮಧ್ಯಾಹ್ನದವರೆಗೆ ಕ್ರೇನಿನ ಬುಡದಲ್ಲಿ ಕೂತು ಮೇಲಿನ ಗಾಜಿನ ಗೂಡನ್ನೇ ನೋಡಿದ. ಮಂಜು ಪೂರ್ತಿ ಕರಗಿ ಆಕಾಶ ತೊಳೆದ ತಟ್ಟೆಯಂತಿತ್ತು.

ಸೂಪರ್‌ವೈಸರ್ ಕರೆಸಿದರು. ಮೇಜಿನ ಮೇಲೆ ಎರಡು ಕಾಗದ.

"ಏನಯ್ಯ ಇದು! ಇನ್ನೂರ ಮೂವತ್ತು! ಹೋದ ಸಲಕ್ಕಿಂತ ಜಾಸ್ತಿ! ಪರೀಕ್ಷೆಗೆ ಹೋಗಿದ್ಯೋ, ಮದುವೆ ಊಟಕ್ಕೆ ಹೋಗಿದ್ಯೋ?"

"ಸಾರ್, ನಿನ್ನೆ ಮಧ್ಯಾಹ್ನದಿಂದ ಒಂದು ಹನಿ..."

"ರಕ್ತ ಸುಳ್ಳು ಹೇಳುತ್ತೇನೋ? ಉಗ್ರಾಣಕ್ಕೆ ನಡಿ. ನಿನ್ನ ಜಾಗಕ್ಕೆ ಅಂತ ಹೊಸಬನೊಬ್ಬನನ್ನ ಕರೆಸಿದ್ದೆ. ಅವನದ್ದು ನೋಡಿದ್ರೆ ಇನ್ನೊಂದು ಥರ. ನನ್ನ ಹಣೆಬರಹ!"

ಮೋಡಣ್ಣ ಮೆಟ್ಟಿಲಿಳಿದ. ಹದಿನೆಂಟು ವರ್ಷ ಹತ್ತುವುದನ್ನೇ ಕಲಿತ ಕಾಲುಗಳು ಇಳಿಯುವಾಗ ತಡವರಿಸಿದವು. ತಿನ್ನದ ತಿಂಡಿ ರಕ್ತಕ್ಕೆ ಹೇಗೆ ಸೇರಿತು? ನೋಡಿದ್ದಕ್ಕೇ ಸೇರಿತೇ? ಆಸೆಪಟ್ಟದ್ದನ್ನೂ ಮೇಲಿನವನು ತಿಂದ ಲೆಕ್ಕಕ್ಕೇ ಬರೆದುಕೊಳ್ಳುತ್ತಾನೆಯೇ?

ನೆಲಮನೆಯ ಮಬ್ಬಿನಲ್ಲಿ ನಟ್ಟುಗಳ ರಾಶಿಯ ಪಕ್ಕ ಆಗಲೇ ಒಬ್ಬ ಕೂತಿದ್ದ. ಬಿದಿರಿನಂತೆ ನೀಳ, ಇಸ್ತ್ರಿ ಅಂಗಿ.

"ನೀವಾ!" ಎಂದರು ಇಬ್ಬರೂ.

"ಆ ಹೊಸಬ ನಾನೇ ಸಾರ್," ಎಂದ ಆತ, ತಲೆ ತಗ್ಗಿಸಿ. "ಬರಿ ಹೊಟ್ಟೆಯಲ್ಲಿರ್ಬೇಕು ಅಂತ ನನಗೂ ಹೇಳಿದ್ರು. ನೀವು ಅಷ್ಟು ಪ್ರೀತಿಯಿಂದ ಔಷಧಿ ಅಂದ್ರಲ್ಲ, ಮತ್ತೆ ಬೇಡ ಅನ್ನೋಕೆ ನನಗೆ ಬಾಯೇ ಬರಲಿಲ್ಲ. ಇಲ್ಲಿ ಬಂದ್ಮೇಲೆ ತಿಳೀತು. ಅವರು ನೋಡೋದು ಬಿಲ್ಲೆ, ಮುಖ ಅಲ್ಲ. ನಿಮ್ಮ ರಕ್ತ ನನ್ನ ಹೆಸರಿಗೆ ಹೋಗಿದೆ, ನನ್ನದು ನಿಮ್ಮ ಹೆಸರಿಗೆ."

ಮೋಡಣ್ಣನ ಮುಖ ಅರಳಿತು. "ಹಾಗಾದ್ರೆ ಆ ಇನ್ನೂರ ಮೂವತ್ತು ನಿಮ್ಮ ಹೊಟ್ಟೇದು! ಬನ್ನಿ, ಸೂಪರ್‌ವೈಸರ್‌ಗೆ ಹೇಳೋಣ. ನನ್ನ ರಕ್ತ ಶುದ್ಧ ಇದೆ!"

ಆತ ಕದಲಲಿಲ್ಲ. ಜೇಬಿನಿಂದ ತನ್ನ ಹೆಸರಿಗೆ ಬಂದ ರಿಪೋರ್ಟಿನ ಮಡಿಸಿದ ಪ್ರತಿ ತೆಗೆದು ಬಿಚ್ಚಿ ಹಿಡಿದ. ಮೋಡಣ್ಣ ದೀಪದ ಕೆಳಗೆ ಬಾಗಿ ಓದಿದ: ಸಕ್ಕರೆ ಐವತ್ತೆರಡು. ತೀರಾ ಕಡಿಮೆ. ತಲೆ ಸುತ್ತಿ ಬೀಳುವ ಸಂಭವವಿದೆ. ಎತ್ತರದ ಕೆಲಸಕ್ಕೆ ಯೋಗ್ಯರಲ್ಲ. ಬೆಳಗಿನ ತಿಂಡಿ ಬಿಡುವ ಅಭ್ಯಾಸವನ್ನು ಕೂಡಲೇ ನಿಲ್ಲಿಸತಕ್ಕದ್ದು.

"ಅದಲು ಬದಲು ಮಾಡ್ಕೊಂಡ್ರೂ ನಾವಿಬ್ರೂ ಇಲ್ಲೇ ಸಾರ್," ಎಂದ ಆತ ಮೆಲ್ಲಗೆ.

ಮೋಡಣ್ಣ ಬೋಲ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಎಲ್ಲೋ ತುಂಬ ಮೇಲೆ, ಯಾರೂ ಇಲ್ಲದ ಗಾಜಿನ ಗೂಡನ್ನು ಸವರಿಕೊಂಡು ಒಂದು ಮೋಡ ಹೋಗುತ್ತಿರಬೇಕು ಎನಿಸಿತು. ಹಸಿವು ಈಗ ನೋವಾಗಿರಲಿಲ್ಲ. ದೂರದಲ್ಲಿ ಯಾರೋ ಹಾಡುವ ಲಾಲಿಯಂತೆ ಮೆತ್ತಗಾಗಿತ್ತು.

ನೀಳ ಮನುಷ್ಯ ಎದ್ದ. ನಲ್ಲಿಯಲ್ಲಿ ಕೈ ತೊಳೆದ. ತನ್ನ ಮಧ್ಯಾಹ್ನದ ಬುತ್ತಿಯ ಗಂಟು ಬಿಚ್ಚಿ, ಹಳೆಯ ದಿನಪತ್ರಿಕೆಯೊಂದನ್ನು ಪೆಟ್ಟಿಗೆಯ ಮೇಲೆ ಹಾಸಿ, ಬುತ್ತಿಯನ್ನು ಒಂದು ಅಗುಳೂ ತನಗೆಂದು ಉಳಿಸಿಕೊಳ್ಳದೆ ಮೋಡಣ್ಣನ ಮುಂದೆ ಸರಿಸಿದ. ಆಮೇಲೆ ಅವನಿಗೆ ಸಂಕೋಚವಾಗದಿರಲೆಂದು ಬೆನ್ನು ತಿರುಗಿಸಿ ಕೂತು, ಸದ್ದಿಲ್ಲದೆ ನಟ್ಟುಗಳನ್ನು ಆರಿಸತೊಡಗಿದ.