ಕಾಕಾನ ತಾಳ ಎಲ್ಲಿ ಹೋಯಿತು?

ನಮ್ಮ ಕಾಕಾ ಹಾಡು ಕೇಳುವುದಿಲ್ಲ, ತಪಾಸಣೆ ಮಾಡುತ್ತಾರೆ! ಸಿಂಧನೂರಿನ ಅವರ ಮನೆಯಲ್ಲಿ ಹಾಡು ಶುರುವಾಯಿತೆಂದರೆ ನಾವೆಲ್ಲ ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಅವರ ಮುಖವನ್ನೇ ನೋಡುತ್ತಿರಬೇಕು. ಅವರ ಹುಬ್ಬು ಗಂಟಿಕ್ಕಿತೋ, ನನ್ನ ಭಾನುವಾರ ಹೋಯಿತೆಂದೇ ಲೆಕ್ಕ. ನಾನೋ ಮೊದಲೇ ಗಾಬರಿ ಸ್ವಭಾವದವಳು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಎರಡೆರಡು ಸಲ ವಾಪಸು ಬರುತ್ತೇನೆ. ಇಂಥವಳಿಗೆ ದೇವರು ಅಂಥ ಕಾಕಾನನ್ನು ಯಾಕೆ ಕೊಟ್ಟನೋ!

ಕಾಕಾ ಬಹಳ ವರ್ಷ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಿರಣಿಯ ಅಂಗಳದಲ್ಲಿ ಕಣ್ಣು ಮುಚ್ಚಿ ನಿಂತು, ಎರಡನೇ ಬೆಲ್ಟು ಸಡಿಲಾಗಿದೆ, ಮೇಲಿನ ಬೇರಿಂಗಿಗೆ ಗ್ರೀಸು ತೀರಿದೆ ಎಂದು ಬರೀ ಸದ್ದಿನ ಮೇಲೆ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತಂತೆ. ಕೆಲಸ ಬಿಟ್ಟ ಮೇಲೂ ಹೊಸ ಭತ್ತ ಬರುವ ಮುಂಚೆ ಗಿರಣಿ ಮಾಲಕರು ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ. ಸಿಂಧನೂರಿನಲ್ಲಿ ನಮ್ಮ ಕಾಕಾನಿಗೆ ಏನು ಹೆಸರಿದೆಯೋ ಅದೆಲ್ಲ ಆ ಎರಡು ಕಿವಿಗಳು ಗಳಿಸಿದ್ದು.

ಆದರೆ ಆ ಚಟ ಗಿರಣಿಗೆ ನಿಲ್ಲಬೇಕಲ್ಲ? ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಅವರಿನ್ನೂ ಜೀಪಿನಿಂದ ಕಾಲು ಕೆಳಗಿಟ್ಟಿರಲಿಲ್ಲ, ಕಾಕಾ ಎದುರು ಹೋಗಿ, ನಿಮ್ಮ ಕ್ಲಚ್ ಪ್ಲೇಟು ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದು ಸ್ವಾಗತ ಕೋರಿದರು. ಸಂಬಂಧವೇನೋ ಕೂಡಿತು. ಮರಳಿ ಹೋಗುವಾಗ ಜೀಪು ಮಸ್ಕಿ ದಾಟುವುದರೊಳಗೆ ನಿಂತೇ ಬಿಟ್ಟಿತು. ಕಾಕಾ ಬಾಯಿಬಿಟ್ಟದ್ದಕ್ಕೇ ಅದು ಕೆಟ್ಟಿತೆಂದು ನಮ್ಮ ಮಾವನವರು ಇವತ್ತಿಗೂ ನಂಬಿದ್ದಾರೆ.

ಇಂಥವರ ತಲೆಯಲ್ಲಿ ಹುಳ ಬಿಟ್ಟವಳು ನಾನೇ. ಅವರ ಪಡಸಾಲೆಯಲ್ಲಿ ಒಂದು ಹಳೆಯ ಆಂಪ್ಲಿಫೈಯರು, ಸೊಂಟದೆತ್ತರದ ಎರಡು ಸ್ಪೀಕರ್ ಬಾಕ್ಸುಗಳು ಇವೆ. ಟೇಪ್ ರೆಕಾರ್ಡರು ಸತ್ತು, ಕ್ಯಾಸೆಟ್ಟಿನ ರೀಲುಗಳೆಲ್ಲ ಜಡೆಗಟ್ಟಿ ಹೋದ ಮೇಲೆ ಅವು ಕೆಲಸವಿಲ್ಲದೆ ಕೂತಿದ್ದವು. ಆ ಹಾಡುಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ, ಸ್ಟುಡಿಯೋದಲ್ಲಿ ಹಾಡಿದಷ್ಟೇ ಸ್ಪಷ್ಟವಾಗಿ, ಅದಕ್ಕೆ ಹೈ-ರೆಸ್ ಅನ್ನುತ್ತಾರೆ ಎಂದು ಜಾಣತನ ತೋರಿಸಿದೆ. ಆಗ ಯಾರಾದರೂ ನನ್ನ ಬಾಯಿ ಮುಚ್ಚಿಸಬಾರದಿತ್ತೇ? ಅದಕ್ಕೆ ಹೊಸ ಸ್ಪೀಕರು ತಂದರೆ ಒಳ್ಳೆಯದೇನೋ ಎಂದೂ ಹೇಳಿ ನೋಡಿದೆ. ಕಾಕಾ ನನ್ನನ್ನು ದುರುಗುಟ್ಟಿ ನೋಡಿದರು.

"ಇದ್ದ ಸಾಮಾನಿನ್ಯಾಗ ಬರ್ಲಿ. ಹಳೇ ಮಷಿನ್ ಏನ್ ಪಾಪ ಮಾಡೇತವಾ?"

ಬ್ಲೂಟೂತ್ ಸಾಕಾಗದೇ ಎಂದೆ. ಗಾಳಿಯಲ್ಲಿ ಬರುವಾಗ ಹಾಡನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆಂದು ಅವರು ಯಾರಿಂದಲೋ ತಿಳಿದುಕೊಂಡಿದ್ದರು. ಹಿಂಡಿದ್ದು ಬೇಡವೇ ಬೇಡ. ಕೊನೆಗೆ ಫೋನಿನ ಹಾಡನ್ನು ವೈರಿನಲ್ಲಿ ಕಳಿಸುವ ಬೆರಳುದ್ದದ ಒಂದು ಪರಿವರ್ತಕ ತಂದು ಫೋನಿಗೆ ಸಿಕ್ಕಿಸಿ, ಅದರ ಕೆಂಪು, ಬಿಳಿ ಪಿನ್ನುಗಳನ್ನು ಆಂಪ್ಲಿಫೈಯರಿನಲ್ಲಿ ಮೊದಲು ಟೇಪಿನ ವೈರು ಇದ್ದ ತೂತುಗಳಿಗೇ ಚುಚ್ಚಿದೆ. ಅವರಿಗೆ ಬೇಕಿದ್ದದ್ದು ಒಂದು ಹಳೆಯ ತತ್ವಪದ. ಏಕತಾರಿ ಮಿಡಿಯಿತು, ದಮ್ಮಡಿ ಬಡಿಯಿತು, ಮುದುಕರೊಬ್ಬರ ದನಿ ಪಡಸಾಲೆಯ ತುಂಬ ಬಂದು ಕೂತಿತು. ನನಗೇ ಮೈ ಝುಂ ಎಂದಿತು. ಕಾಕಾ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದು, ಫ್ಯಾನ್ ಬಂದ್ ಮಾಡು ಎಂದರು.

ಫ್ಯಾನಿನ ನಂತರ ಫ್ರಿಜ್ ಬಂದ್ ಆಯಿತು, ಗುಂಯ್ ಅನ್ನುತ್ತದೆಂದು. ಸಿಂಧನೂರಿನ ಬಿಸಿಲಿನಲ್ಲಿ, ಸ್ವಾಮಿ! ಎರಡು ಸಲ ಹಾಲು ಒಡೆಯಿತು. ಕುಕ್ಕರು ಸೀಟಿ ಹಾಕುವಂತಿಲ್ಲ. ಹಾಡಿನ ಹೊತ್ತಿನಲ್ಲಿ ರೊಟ್ಟಿ ಬಡಿಯುವಂತಿಲ್ಲ, ಚಪಾತಿ ಲಟ್ಟಿಸಬಹುದು. ಕಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ನೋಡುತ್ತಿದ್ದರು. ಆ ನೋಟಕ್ಕೆ ನಾನು ನೆಲ ನೋಡುತ್ತಿದ್ದೆ.

ಒಂದು ದಿನ ಹಾಡಿನ ನಡುವೆ ಮುಕ್ಕುಂದದಿಂದ ಕಾಕಿಯ ತಂಗಿಯ ಫೋನು ಬಂತು. ಕಾಕಾ ಅವಸರದಲ್ಲಿ ಏನು ಒತ್ತಿದರೋ, ಆಕೆಯ ಮಾತು ಆ ಎರಡು ಬಾಕ್ಸುಗಳಿಂದಲೇ ಬರಬೇಕೇ! ಅಕ್ಕನೇ ಫೋನು ಎತ್ತಿದ್ದಾಳೆಂದುಕೊಂಡು, ನಿನ್ನ ಗಂಡನಿಗೆ ಹುಚ್ಚು ಬಿಟ್ಟಿತೋ ಇಲ್ಲವೋ, ಆತನನ್ನು ಕಟ್ಟಿಕೊಂಡು ನೀನು ಹೇಗೆ ಬಾಳುವೆ ಮಾಡಿದೆಯೋ ಎಂದು ಆಕೆ ಓಣಿಗೆಲ್ಲ ಕೇಳುವಂತೆ ಮರುಗಿದರು. ಎದುರು ಮನೆಯವರು ಹೊರಗೆ ಬಂದು ನಿಂತರು. ನಾನು ವೈರು ಕೀಳಲು ಓಡಿದೆ. ಕಾಕಾ ಕೈ ಅಡ್ಡ ಹಿಡಿದರು. ಮುಖದಲ್ಲಿ ಕೋಪದ ಸುಳಿವೂ ಇರಲಿಲ್ಲ.

"ತಡಿಯವಾ. ಆವಾಜ್ ಎಷ್ಟ್ ಸಾಫ್ ಐತಿ ನೋಡು."

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಫೋನು ಮಾಡಿ, ಆ ಪದದೊಳಗಿನ ತಾಳ ಕಾಣೆಯಾಗಿದೆ, ತಕ್ಷಣ ಬಾ ಎಂದರು. ಪ್ರತಿ ಸಾಲಿನ ಕೊನೆಗೆ ಹಿತ್ತಾಳೆಯ ಜೋಡಿ ತಾಳ ಟಿಣ್ ಎನ್ನಬೇಕಂತೆ. ಕ್ಯಾಸೆಟ್ಟಿನಲ್ಲಿತ್ತು, ಇದರಲ್ಲಿಲ್ಲ. ಹೋಗಿ ಕೂತು ಕೇಳಿದೆ. ಟಿಣ್ ಎಂದು ನನಗೇನೋ ಕೇಳಿಸಿತು. ಆದರೆ ಷಡ್ಜ ಯಾವುದು ಪಂಚಮ ಯಾವುದು ತಿಳಿಯದವಳು ನಾನು. ಕಾಕಾನಿಗೆ ಕೇಳಿಸದ್ದು ನನಗೆ ಕೇಳಿಸಿದರೆ ತಪ್ಪು ಯಾರ ಕಿವಿಯದು, ನೀವೇ ಹೇಳಿ? ಇಲ್ಲ ಕಾಕಾ, ಕೇಳಿಸುತ್ತಿಲ್ಲ ಎಂದೆ. ಕಾಕಿಯೂ ಇಲ್ಲವೆಂದರು. ಅಲ್ಲಿಂದ ಶುರುವಾಯಿತು ನೋಡಿ. ವೈರು ಬದಲಾಯಿತು, ಪಿನ್ನು ಬದಲಾಯಿತು, ಇಂಟರ್‌ನೆಟ್ ಕಂಪನಿಯವರಿಗೆ ಬೈಗುಳ ಬಿತ್ತು, ಆ ಪದಕ್ಕೆ ತಾಳ ಹಾಕಿ ಎಂದೋ ತೀರಿಹೋದವನ ಮೇಲೂ ಅನುಮಾನ ಬಂತು. ಶನಿವಾರ ಸಂಜೆಯಾದರೆ ಫೋನನ್ನು ಸೈಲೆಂಟಿಗೆ ಹಾಕಿ, ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದೆ.

ಕೊನೆಗೆ ಆಂಪ್ಲಿಫೈಯರನ್ನು ಮಸ್ಕಿಗೆ ಒಯ್ಯುವುದೆಂದಾಯಿತು. ಅಲ್ಲಿ ಹಳೆಯ ಕಾಲದ ರೇಡಿಯೊ ರಿಪೇರಿಯವರೊಬ್ಬರಿದ್ದಾರೆ. ಕಾಕಾ ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ಅದಕ್ಕೆ ಒತ್ತಾಗಿ ಕೂತರು. ನಾನು ಮಸ್ಕಿತನಕ ನಿಂತು ಹೋದೆ. ಕಂಡಕ್ಟರು ಕೌದಿಯೊಳಗೆ ಕೂಸು ಮಲಗಿದೆ ಎಂದುಕೊಂಡು ಮೆಲ್ಲನೆ ಟಿಕೆಟ್ ಕೇಳಿದ. ಕಾಕಾ ಅಷ್ಟೇ ಮೆಲ್ಲನೆ ಉತ್ತರಿಸಿದರು.

ರಿಪೇರಿಯವರು ಅದನ್ನು ತಮ್ಮ ಅಂಗಡಿಯ ಸ್ಪೀಕರಿಗೆ ಜೋಡಿಸಿ ಅದೇ ಪದ ಹಚ್ಚಿದರು. ಸಾಲು ಮುಗಿಯಿತು. ಟಿಣ್.

"ತಾಳ ಬರಾಕತ್ತೈತಲ್ರಿ," ಎಂದರು ಅವರು.

"ಎಲ್ಲೈತಿ?" ಎಂದರು ಕಾಕಾ.

ರಿಪೇರಿಯವರು ಕಾಕಾನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಕಿವಿ ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು. ರಿಪೇರಿಯವರು ದೊಡ್ಡ ಮನಸ್ಸಿನವರು. ಒಳಗೆ ಸ್ವಲ್ಪ ತುಕ್ಕಿತ್ತು, ಒರೆಸಿದ್ದೇನೆ, ಮನೆಗೆ ಹೋಗಿ ನೋಡಿ ಎಂದು ಹೇಳಿ ಕಳಿಸಿದರು.

ಸಿಂಧನೂರಿಗೆ ಮರಳಿದ ಮೇಲೆ ಅಡುಗೆಮನೆಯಲ್ಲಿ ಕಾಕಿಗೆ ಪಿಸುದನಿಯಲ್ಲಿ ಹೇಳಿದೆ. ಕಾಕಿ ಆಶ್ಚರ್ಯಪಡಲಿಲ್ಲ. ಅವರಿಗೆ ಬೇಸಿಗೆಯಿಂದಲೇ ಗೊತ್ತಿತ್ತು. ಕಾಲುಂಗುರದ ಸದ್ದಿಗೆ ತಿರುಗಿ ನೋಡುತ್ತಿದ್ದ ಮನುಷ್ಯ ತಿರುಗುವುದನ್ನು ಬಿಟ್ಟಿದ್ದರಂತೆ. ಇಷ್ಟು ವರ್ಷದ ಗಿರಣಿಯ ಗದ್ದಲ ಕಿವಿಯನ್ನು ಸುಮ್ಮನೆ ಬಿಡುತ್ತದೆಯೇ? ಸಣ್ಣ ಸದ್ದುಗಳನ್ನು ಒಂದೊಂದಾಗಿ ತಿಂದುಹಾಕಿತ್ತು. ಅದಕ್ಕೇ ಕಾಕಿ ಫ್ರಿಜ್ ಬಂದ್ ಮಾಡೆಂದರೂ ಮಾಡಿದರು, ತಾಳ ಇಲ್ಲವೆಂದರೂ ಇಲ್ಲವೆಂದರು. ಈಗ ಅವರಿಗಿದ್ದ ಭಯವೇ ಬೇರೆ. ಮುಂದಿನ ಸೋಮವಾರ ದೊಡ್ಡ ಗಿರಣಿಯಿಂದ ಕಾರು ಬರುವುದಿತ್ತು.

"ನಾಕ್ ಮಂದಿ ಮುಂದ ತಪ್ಪು ಹೇಳಿದ್ರ ಮುಗೀತವಾ. ಅವರಿಗೆ ಹೆಸರು ಬಿಟ್ರ ಬ್ಯಾರೆ ಏನೈತಿ? ನೀನ ಹೇಳು, ನನ್ನ ಬಾಯಿ ಏಳವಲ್ದು."

ಆ ವಾರ ನಾನು ಏನು ಕಲಿಸಿದೆನೋ ನನ್ನ ಮಕ್ಕಳಿಗೇ ಗೊತ್ತು. ಹೇಳದಿದ್ದರೆ ಊರ ಮುಂದೆ ಅವರ ಮಾನ ಹೋಗುತ್ತದೆ. ಬೇರಿಂಗು ಕೆಟ್ಟದ್ದು ತಿಳಿಯದೆ ಯಾರಿಗಾದರೂ ಪೆಟ್ಟಾದರೆ ಇನ್ನೂ ಕಷ್ಟ. ಹೇಳಿದರೆ, ನಿಮ್ಮ ಕಿವಿ ಹೋಗಿದೆ ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳುವುದು? ಭಾನುವಾರ ಬಸ್ಸಿನಲ್ಲಿ ಕಿವಿ ಡಾಕ್ಟರಿಂದ ಶುರುಮಾಡಲೋ, ವಯಸ್ಸಿನಿಂದ ಶುರುಮಾಡಲೋ ಎಂದು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಹೆಂಗಸು ನಾನು ಜಪ ಮಾಡುತ್ತಿದ್ದೇನೆಂದುಕೊಂಡು ಕೈ ಮುಗಿದರು.

ಒಳಗೆ ಕಾಲಿಟ್ಟರೆ ಹಾಡು ನಡೆದಿತ್ತು. ಫ್ಯಾನು ತಿರುಗುತ್ತಲೇ ಇತ್ತು. ಕಾಕಾ ಸ್ಪೀಕರ್ ಬಾಕ್ಸಿನ ಮುಂದೆ ನೆಲದ ಮೇಲೆ ಕೂತು, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೇಲಿನ ಸಣ್ಣ ಸ್ಪೀಕರಿನ ಅಂಚಿಗೆ ತಾಗಿಸಿ, ಹಿಡಿಕೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದಿದ್ದರು. ಗಿರಣಿಯಲ್ಲಿ ಬೇರಿಂಗನ್ನು ಹೀಗೇ ಪರೀಕ್ಷಿಸುತ್ತಾರೆ; ಗದ್ದಲದಲ್ಲಿ ಕಿವಿಗೆ ತಿಳಿಯದ್ದನ್ನು ಮೂಳೆ ಹೇಳುತ್ತದೆ. ಸಾಲು ಮುಗಿಯಿತು. ಟಿಣ್. ಕಾಕಾ ಹಿಡಿಕೆಯನ್ನು ಇನ್ನಷ್ಟು ಒತ್ತಿ ಹಿಡಿದರು. ಇನ್ನೊಂದು ಸಾಲಿನ ಕೊನೆಯತನಕ ಕಾದರು. ಮೆಲ್ಲನೆ ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟರು.

"ಮಷಿನ್ ಬರಾಬರಿ ಐತಿ," ಎಂದರು.

ನಿನಗೆ ಮೊದಲಿಂದಲೂ ಕೇಳಿಸುತ್ತಿತ್ತೇ ಎಂದು ನನ್ನನ್ನು ಕೇಳಿದರು. ಹೌದೆಂದು ತಲೆಯಾಡಿಸಿದೆ. ನನಗೆ ಅಳು ಬಂದುಬಿಟ್ಟಿತು, ನಾಚಿಕೆಯೂ ಆಯಿತು. ಕಾಕಾ ಬೈಯಲಿಲ್ಲ. ಹಾಡು ನಿಲ್ಲಿಸಿ, ಫೋನಿನಿಂದ ವೈರು ಕಿತ್ತು, ದೊಡ್ಡ ಗಿರಣಿಯ ಮಾಲಕರಿಗೆ ತಾವೇ ಫೋನು ಹಚ್ಚಿದರು.

"ಸಾವ್ಕಾರ್ರ, ನಾಳೆ ಕಾರ್ ಕಳಸಬ್ಯಾಡ್ರಿ. ನನ್ನ ಕಿವಿ ಕೈ ಕೊಟ್ಟಾವು. ಬ್ಯಾರೆಯವರ್ನ ಕರಸ್ರಿ."

ಎಷ್ಟು ಸರಳವಾಗಿ ಹೇಳಿದರೆಂದರೆ, ಒಂದು ವಾರ ನಾನು ನಿದ್ದೆಗೆಟ್ಟದ್ದು ಇದೇ ಮಾತಿಗೇನು ಅನಿಸಿತು. ಕಾಕಾ ಫೋನು ಕೆಳಗಿಟ್ಟರು. ಅಡುಗೆಮನೆಯ ಬಾಗಿಲಲ್ಲಿದ್ದ ಕಾಕಿಯ ಕಡೆ ತಿರುಗಿದರು.

"ನಿನಗೂ ಕೇಳಸ್ತಿತ್ತು?"

"ಹೂಂ ರೀ."

"ಮತ್ತ ಇಲ್ಲ ಅಂತಿದ್ದಿ?"

"ನೀವೊಬ್ಬರ ಕುಂತು ತಾಳ ಹುಡಕೂದು ನೋಡಾಕ ಆಗ್ಲಿಲ್ರಿ," ಎಂದರು ಕಾಕಿ.

ಇಷ್ಟು ದಿನ ಒಮ್ಮೆಯೂ ಹಾಡು ಕೇಳಲು ಕೂರದಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಪದ ಮೊದಲಿನಿಂದ ಹಚ್ಚೆಂದು ನನಗೆ ಹೇಳಿದರು. ಕಾಕಾನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಸಾಲು ಮುಗಿದು ತಾಳ ಬಂದಾಗೊಮ್ಮೆ ಅಂಗೈ ಮೇಲೆ ಬೆರಳಿನಿಂದ ಒಂದು ಏಟು ಹಾಕತೊಡಗಿದರು. ಮೊದಲ ಸಾಲಿಗೆ ಸರಿಯಾಗಿ ಬಿತ್ತು, ಎರಡನೆಯದಕ್ಕೂ ಬಿತ್ತು. ಮೂರನೆಯದಕ್ಕೆ ಕಾಕಿಯ ಬೆರಳು ತಡವಾಯಿತು. ಪದ ಮುಂದೆ ಹೋಗಿಯಾಗಿತ್ತು, ಏಟು ಆಮೇಲೆ ಬಿತ್ತು. ಅದು ನನಗೇ ತಿಳಿಯಿತೆಂದರೆ, ಹಾಡುವ ದನಿ ಕೇಳಿಸುತ್ತಿದ್ದ ಕಾಕಾನಿಗೆ ತಿಳಿಯದಿರುತ್ತದೆಯೇ?

ಕಾಕಾ ಕಣ್ಣು ಮುಚ್ಚಿಕೊಂಡೇ ಇದ್ದರು.

"ಹಾಂ," ಎಂದರು, "ಈಗ ಬರಾಬರಿ ಬಂತು."