ದೀಪದ ಹೊತ್ತಿಗೆ ಕರಿ ಪರದೆ

ಸಂಜಿಗೆ ಮನಿಗೆ ಬರೋ ಲಕ್ಷ್ಮೀನ ಹೊಸ್ತಿಲದಾಗ ತಡದು ವಾಪಸ್ ಕಳಿಸಿದ ಗಂಡಸು ಇಡೀ ಬಸವಕಲ್ಯಾಣದಾಗ ಒಬ್ಬನೇ ಇದ್ದ. ಅಂವ ನಮ್ಮಪ್ಪ!

ಸಮುದ್ರಕ್ಕೂ ನಮ್ಮೂರಿಗೂ ಏನು ಸಂಬಂಧ ಹೇಳ್ರಿ? ನಮಗ ಊರ ಕೆರಿನೇ ದೊಡ್ಡ ನೀರು. ಆದ್ರೂ ಅಪ್ಪ ಮೀಸಿ ಚಿಗಿಯೋ ವಯಸ್ಸಿಗೆ ಮುಂಬೈಗೆ ಓಡಿಹೋಗಿ ನೌಕಾಪಡೆ ಸೇರಿದ, ಎಪ್ಪತ್ತೊಂದರ ಯುದ್ಧದಾಗ ಹಡಗಿನ ಮ್ಯಾಲಿದ್ದ. ನೌಕರಿ ಮುಗಿಸಿ ಬರೋವಾಗ ತಂದಿದ್ದು ಒಂದು ಬಿಳಿ ಟೊಪ್ಪಿಗಿ, ಒಂದು ಪದಕ, ಒಂದು ದಪ್ಪ ಕರಿ ಪರದೆ. ಟೊಪ್ಪಿಗಿ, ಪದಕ ಟ್ರಂಕಿನಾಗ ಹೋದವು. ಪರದೆ ನಮ್ಮ ಪಾಲಿಗೆ ಬಂತು.

ನಮ್ಮ ಕಡೆ ದೀಪ ಹಚ್ಚೋ ಹೊತ್ತಿಗೆ ಮುಂಬಾಗಿಲ ತೆರೀತಾರ, ಲಕ್ಷ್ಮಿ ಒಳಗ ಬರ್ಲಿ ಅಂತ. ಅಪ್ಪ ಆ ಹೊತ್ತಿಗೇ ಎದ್ದು ಕದ ಹಾಕಿ, ಕಿಡಕಿ ಮುಚ್ಚಿ, ಬಾಗಿಲಿಗೆ ಪರದೆ ಇಳಿಬಿಟ್ಟು, "ಹಾಂ, ಈಗ ಹಚ್ಚು" ಅಂತಿದ್ದ. ಯುದ್ಧದಾಗ ಹಡಗಿನಿಂದ ಬೆಳಕಿನ ಒಂದು ಗೆರಿನೂ ಹೊರಗ ಬೀಳಬಾರದಂತ. ಯುದ್ಧ ಮುಗದು ಇಪ್ಪತ್ತೈದು ವರ್ಷ ಆಗಿತ್ತು. ಅಪ್ಪಗ ಯಾರೂ ಹೇಳಿರಲಿಲ್ಲ ಕಾಣ್ತದ.

ಅವ್ವಂದು ದಿನಾ ಜಗಳ. ಎಮ್ಮಿ ಸತ್ತರೂ, ಅಣ್ಣ ನಪಾಸಾದರೂ, ತೊಗರಿಗೆ ಹುಳ ಬಿದ್ದರೂ ಕಾರಣ ಒಂದೇ: ಬಂದ ಲಕ್ಷ್ಮಿ ಹೊಳ್ಳಿ ಹೋದಳು. "ಕದ ಬಡಿಯಾಕ ಆಕಿ ಏನು ಹಾಲು ಮಾರಾಕೀ ಏನ್ರಿ?" ಅಂತಿದ್ದಳು.

ಕರೆಂಟ್ ಹೋದ ದಿನ ಅಪ್ಪನ ಮುಖ ನೋಡಬೇಕಿತ್ತು. ಇಡೀ ಊರಿಗೆ ಈಗರೆ ಶಿಸ್ತು ಬಂತು ಅಂತಿದ್ದ. ದೀಪಾವಳಿಗೆ ಅವ್ವ ಕಟ್ಟಿ ಮ್ಯಾಲೆ ಪಣತಿ ಇಟ್ಟರ ಇಂವ ನಾರಾಯಣಪುರದ ಗುಡಿಗೆ ಹೋಗಿ ಕುಂದ್ರತಿದ್ದ. ಹಬ್ಬಕ್ಕ ಬಂದ ಬೀಗರಿಗೆ ಏನು ಹೇಳೂದು?

ನನ್ನ ನೋಡಾಕ ಹುಮನಾಬಾದದವರು ಬಂದಿದ್ದೂ ಸಂಜಿಗೇ. ಎಷ್ಟು ಕದ ಬಡದ್ರೂ ಅಪ್ಪ ಕಿಡಕಿ ಎಲ್ಲಾ ಭದ್ರ ಆಗೂತನಕ ತೆರೀಲಿಲ್ಲ. ಹುಡುಗಿ ಓಡಿಹೋಗ್ಯಾಳ, ಅದಕ್ಕ ಬಾಗಿಲ ಹಾಕ್ಕೊಂಡು ಕುಂತಾರ ಅಂತ ಅವರು ತಿಳಕೊಂಡ್ರು. ಹ್ಯಾಂಗೋ ಲಗ್ನ ಆತು. ನಮ್ಮ ಯಜಮಾನ್ರು ಇವತ್ತಿಗೂ, ಕತ್ತಲಾಗ ನೋಡಿದ್ದೆ, ಅದಕ್ಕ ಒಪ್ಪಿದೆ ಅಂತಾರ.

ನಕ್ಕೋತ ಹೇಳಾಕತ್ತೇನಿ, ಆದ್ರ ನನ್ನ ಸಿಟ್ಟು ಇಳಿದಿಲ್ಲ. ಅವ್ವ ಹಾಸಿಗಿ ಹಿಡದಾಗ ನಾ ತವರಿಗೆ ಬಂದಿದ್ದೆ. ಒಂದೇ ಒಂದು ಸಂಜಿ ಕದ ತೆಗದು ದೀಪ ಹಚ್ಚಿಸ್ರಿ ಅಂತ ಅಪ್ಪಗ ಕೈ ಮುಗದಳು. ಅಪ್ಪ ಪರದೆ ಹಿಡಕೊಂಡೇ ನಿಂತಿದ್ದ.

"ಪಕ್ಕದ ಹಡಗು ವೈರಿ ಕಣ್ಣಿಗೆ ಬಿತ್ತು. ನನ್ನ ಗೆಳ್ಯಾರೆಲ್ಲ ಅದರಾಗಿದ್ರು," ಅಂದ.

ಯುದ್ಧದ ಬಗ್ಗೆ ಅಂವ ನಮ್ಮೆದುರು ಆಡಿದ್ದು ಅದೊಂದೇ ಮಾತು. ಅವ್ವ ಮಗ್ಗಲ ಬದಲಿಸಿ ಗ್ವಾಡಿ ಕಡೆ ಮಲಗಿದಳು. ಅಂವ ಪರದೆ ಇಳಿಬಿಟ್ಟ. ಸತ್ತ ಗೆಳ್ಯಾರನ್ನ ಅಷ್ಟು ಜ್ವಾಪಾನ ಮಾಡಿದಂವಗ ಬದುಕಿದ್ದ ಹೇಣ್ತಿ ಯಾಕ ಕಾಣಲಿಲ್ಲ ಅಂತ ನನಗ ಹೊಟ್ಟಿ ಉರೀತು.

ಅದೇ ಬ್ಯಾಸಿಗಿಯಾಗ ಅವ್ವ ಹೋದಳು. ಮಣ್ಣು ಮಾಡಿ ಬಂದ ಸಂಜಿ ನಾನು ರೂಢಿಯಂಗ ಕದ ಹಾಕಾಕ ಎದ್ದೆ. ಅಪ್ಪ ಬ್ಯಾಡ ಅಂದ. ಸ್ಟೂಲ್ ಹತ್ತಿ ಪರದೆ ಬಿಚ್ಚಿದ. ಮುಂಬಾಗಿಲ ಪೂರಾ ತೆರದ. ಅವ್ವನ ದೀಪ ತಂದು, ತಾನೇ ಹಚ್ಚಿ, ಹೊಸ್ತಿಲ ಮ್ಯಾಲೆ ಇಟ್ಟು ಬಾಜೂಕ ಕುಂತ. ಕಣ್ಣು ಮುಗಿಲ ಕಡೆನೇ ಇತ್ತು. ಅಂವ ಖರೇನೇ ಹೆದರಿದ್ದ.

"ಅಪ್ಪಾ, ಬೆಳಕು ಹೊರಗ ಕಾಣ್ತದ," ಅಂದೆ.

"ಕಾಣ್ಲಿ ಬಿಡವ್ವಾ. ನಿಮ್ಮವ್ವ ಬಂದ್ರ ಹೊಳ್ಳಿ ಹೋಗಬಾರದು."