ಬಲಗಡೆಯ ಸೀಟು

ನಾನು ಕಾರು ಓಡಿಸುವಾಗ ನನ್ನ ಹೆಂಡತಿ ಶೋಭನಾ ಪಕ್ಕದಲ್ಲಿ ಕೂತು ನಿದ್ದೆ ಮಾಡುತ್ತಾಳೆ ಎಂದು ಬಹಳ ವರ್ಷ ನಂಬಿದ್ದೆ. ಸ್ವೀಡನ್ನಿನ ಮೋಲ್ನ್‌ಡಾಲ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟು ಮೊದಲ ಸರ್ಕಲ್ ದಾಟುವುದರೊಳಗೆ ಅವಳ ಕಣ್ಣು ಮುಚ್ಚಿರುತ್ತಿತ್ತು. ತುಟಿ ಸಣ್ಣಗೆ ಅಲುಗುತ್ತಿತ್ತು. ಪಾಪ, ಕನಸು ಕಾಣುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಗೋಥೆನ್‌ಬರ್ಗ್‌ನ ಕನ್ನಡ ಕೂಟದಲ್ಲಿ ಬೇರೆ ಗಂಡಂದಿರು, ತಮ್ಮ ಹೆಂಡತಿಯರು ದಾರಿಯುದ್ದಕ್ಕೂ "ಬ್ರೇಕು, ಬ್ರೇಕು" ಎಂದು ಪ್ರಾಣ ತಿನ್ನುವುದನ್ನು ಹೇಳಿಕೊಂಡು ಗೋಳಾಡುವಾಗ ನಾನು ಕಾಫಿ ಲೋಟದ ಹಿಂದೆ ಮುಗುಳ್ನಗುತ್ತಿದ್ದೆ. "ನಮ್ಮವಳು ಮಲಗೇಬಿಡ್ತಾಳಪ್ಪ" ಎನ್ನುತ್ತಿದ್ದೆ. "ಡ್ರೈವಿಂಗ್ ಅಂದ್ರೆ ಹಾಗಿರಬೇಕು."

ಇಂಥ ಮಹಾಸಾರಥಿ ಜೀವಮಾನವಿಡೀ ಕೊತ್ತಂಬರಿ ಸೊಪ್ಪು ತರುವುದಕ್ಕೇ ಕಾರು ಓಡಿಸಿಕೊಂಡಿದ್ದರೆ ಲೋಕಕ್ಕೆ ನಷ್ಟವಲ್ಲವೇ? ಮಗಳು ಓದಲು ಕಾರ್ಲ್‌ಸ್ಟಾಡ್‌ಗೆ ಹೋದದ್ದೇ ತಡ, ಮನೆಯ ದೊಡ್ಡ ಕಾರನ್ನು ಮಾರಿ, ತೊಂಬತ್ತರ ದಶಕದ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ತಂದೆ. ಕೆಂಪು ಬಣ್ಣ, ಎರಡೇ ಸೀಟು, ಬೇಕಾದಾಗ ಮೇಲೆದ್ದು ಬೇಡವಾದಾಗ ಒಳಗೆ ಅಡಗುವ ಹೆಡ್‌ಲೈಟು. ಅಂದೇ ಕೂಟದ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಸಾರಿದೆ: ಈ ಬೇಸಿಗೆ ಮುಗಿಯುವುದರೊಳಗೆ ನಂದಕುಮಾರನಾದ ನಾನು ರೇಸ್ ಟ್ರ್ಯಾಕಿಗಿಳಿದು ಅಭಿಜಿತನಿಗಿಂತ ಬೇಗ ಸುತ್ತು ಮುಗಿಸುತ್ತೇನೆ, ಇಲ್ಲವಾದರೆ ರಾಜ್ಯೋತ್ಸವದ ದಿನ ಇಡೀ ಕೂಟದ ಪಾತ್ರೆ ನಾನೇ ತೊಳೆಯುತ್ತೇನೆ!

ಅಭಿಜಿತ್ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವನು. ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿಯಿರುವ ತನ್ನ ಹಳೆಯ ವೋಲ್ವೊ ವ್ಯಾಗನ್ನನ್ನೇ ಪ್ರತಿ ಬೇಸಿಗೆ ಟ್ರ್ಯಾಕಿಗೆ ಒಯ್ಯುತ್ತಾನೆ. ನನ್ನ ಸವಾಲಿಗೆ ಅವನ ಉತ್ತರ ಇಷ್ಟೇ: "ಸೂಪರ್ ಅಂಕಲ್, ಹುಷಾರು." ಆ 'ಅಂಕಲ್' ಹೆಚ್ಚು ಚುಚ್ಚಿತೋ ಆ 'ಹುಷಾರು' ಹೆಚ್ಚು ಚುಚ್ಚಿತೋ ಈಗಲೂ ಹೇಳಲಾರೆ.

ರೇಸ್ ಕಾರಿನ ಶಾಸ್ತ್ರವನ್ನು ಯೂಟ್ಯೂಬ್ ಎಂಬ ಗುರುಕುಲದಲ್ಲಿ ಕಲಿತೆ. ಸಾರಾಂಶ ಎರಡೇ ಮಾತು: ಸ್ಪ್ರಿಂಗು ಗಟ್ಟಿಯಾಗಬೇಕು, ಕಾರು ಹಗುರಾಗಬೇಕು. ಸ್ಪ್ರಿಂಗು ಎಷ್ಟು ಗಟ್ಟಿಯಾಯಿತೆಂದರೆ, ರಸ್ತೆಗೆ ಬಳಿದ ಬಿಳಿ ಗೆರೆಯ ದಪ್ಪವೂ ಬೆನ್ನುಮೂಳೆಗೆ ತಿಳಿಯತೊಡಗಿತು. ಆಮೇಲೆ ಹಗುರಾಗಿಸುವ ಮಹಾಯಜ್ಞ. ರೇಡಿಯೋ ಹೋಯಿತು. ಕಾರ್ಪೆಟ್ ಹೋಯಿತು. ಜಾಕ್ ಹೋಯಿತು, ಸ್ಟೆಪ್ನಿ ಹೋಯಿತು, ಏಸಿ ಹೋಯಿತು. ಔಷಧ ಕಂಪನಿಯ ಲ್ಯಾಬಿನಲ್ಲಿ ದಿನವಿಡೀ ಪುಡಿಗಳನ್ನು ತೂಗುವ ಶೋಭನಾ ಎಲ್ಲವನ್ನೂ ನೋಡುತ್ತ ನಿಂತಿದ್ದು, ಕೊನೆಗೆ ನನ್ನ ಹೊಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ತೂಕ ಇಳಿಸಬೇಕಾದ್ದು ಕಾರೊಂದೇನಾ?" ಎಂದಳು. ವಿಜ್ಞಾನಿಗಳು ಇಷ್ಟು ವೈಯಕ್ತಿಕವಾಗಿ ಮಾತಾಡಬಾರದು.

ಇಷ್ಟೆಲ್ಲ ಬಿಚ್ಚಿದರೂ ಸಮಾಧಾನವಾಗಲಿಲ್ಲ. ಕೊನೆಗೆ ನನ್ನ ಸ್ಪ್ಯಾನರು ಬಲಗಡೆಯ ಸೀಟಿನ ಬುಡಕ್ಕೆ ಹೋಯಿತು. ಸ್ವೀಡನ್ನಿನಲ್ಲಿ ಚಾಲಕ ಎಡಕ್ಕೆ. ಬಲಗಡೆಯದು ಅರ್ಧಾಂಗಿಯ ಸ್ಥಾನ.

"ರೀ, ಅದು ನನ್ನ ಸೀಟು."

"ರೇಸಲ್ಲಿ ಪಕ್ಕದಲ್ಲಿ ಯಾರೂ ಕೂರಲ್ಲ ಕಣೇ."

"ಮತ್ತೆ ಆಫೀಸಿಗೆ ನಾನು ಹೇಗೆ ಹೋಗ್ಲಿ?"

"ಬಸ್ಸಿದೆಯಲ್ಲ. ಪರಿಸರಕ್ಕೂ ಒಳ್ಳೇದು. ಟ್ರ್ಯಾಕ್ ಮುಗೀತಿದ್ದಂಗೆ ವಾಪಸ್ ಹಾಕ್ತೀನಿ."

ಜಗಳವನ್ನು ನಿರೀಕ್ಷಿಸಿ ಸಜ್ಜಾಗಿದ್ದೆ. ಅವಳು ಸೀಟನ್ನು ನೋಡಿದಳು, ಕಾರನ್ನು ನೋಡಿದಳು. "ಅವಸರ ಏನಿಲ್ಲ" ಎಂದಳು. ಎಂಥ ತ್ಯಾಗಮಯಿ! ನನ್ನ ಕಣ್ಣು ತುಂಬಿ ಬಂತು.

ಕೆಳಗಿನ ಸ್ಟೋರ್ ರೂಮಿನಲ್ಲಿ ಜಾಗವಿಲ್ಲದ್ದರಿಂದ ಸೀಟು ನಮ್ಮ ಹಾಲಿಗೆ ಬಂತು. ಟ್ರ್ಯಾಕಿಗೆ ಹೋಗುವ ಹಿಂದಿನ ದಿನ ಸಂಜೆ ನಾನು ಪಾರ್ಕಿಂಗಿನಲ್ಲಿ ಕೂತು ಟೈರಿನ ಗಾಳಿ ಪರೀಕ್ಷಿಸುತ್ತಿದ್ದಾಗ ಶೋಭನಾ ಬಂದು ಏನೇನೋ ಹೇಳಿದಳು. ನಾಳೆ ಶುಕ್ರವಾರ, ಗೊತ್ತಲ್ಲ ಎಂದಳು; ಹೂಂ ಎಂದೆ. ಆ ಸೀಟು ನಾಳೆಗೆ ನಾನು ತಗೋತೀನಿ ಎಂದಳು, ಹೂಂ ಎಂದೆ. ಸಂಜೆ ಆರತಿ ಹೊತ್ತಿಗೆ ಬಂದುಬಿಡಿ ಎಂದಳು, ಅದಕ್ಕೂ ಹೂಂ. ಗಂಡಸು ಟೈರಿನ ಪಕ್ಕ ಕೂತು ಹೇಳುವ ಹೂಂಕಾರಕ್ಕೆ ಯಾವ ನ್ಯಾಯಾಲಯದಲ್ಲೂ ಬೆಲೆಯಿರಬಾರದು.

ಬೆಳಗ್ಗೆ ಅವಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗಲೇ ಹೊರಟುಬಿಟ್ಟೆ. ಒಂದು ಗಂಟೆಯ ದಾರಿ. ಟ್ರ್ಯಾಕಿನಲ್ಲಿ ಸ್ವೀಡಿಷ್ ಜನ ತಮ್ಮ ತಮ್ಮ ಕಾರಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ಫೀಕಾ ಎಂಬ ಇಲ್ಲಿನ ವಿರಾಮದಲ್ಲಿ ಮುಳುಗಿದ್ದರು. ನನ್ನ ಕೆಂಪು ರಥ ಬಂದು ನಿಂತಾಗ ಕೆಲವರು ತಲೆಯಾಡಿಸಿದರು. ಇಲ್ಲಿ ಅದು ಚಪ್ಪಾಳೆಗೆ ಸಮ. ಕಾರು ಪರೀಕ್ಷಿಸಲು ಬಂದ ತರಬೇತುದಾರೆ ಇಂಗೆಲಾ ಅರವತ್ತರ ಹೆಂಗಸು. ಹಳದಿ ಜಾಕೆಟ್, ಕೈಯಲ್ಲಿ ಹೆಲ್ಮೆಟ್. ಬ್ರೇಕು ನೋಡಿದಳು, ಟೈರು ನೋಡಿದಳು, ಚೆನ್ನಾಗಿದೆ ಎಂದಳು. ಬಲಗಡೆಯ ಬಾಗಿಲು ತೆರೆದಳು. ಬಹಳ ಹೊತ್ತು ಒಳಗೆ ನೋಡಿದಳು.

"ನಾನೆಲ್ಲಿ ಕೂರಲಿ?" ಎಂದು ಕೇಳಿದಳು.

ಮೊದಲ ಸಲ ಬಂದವರು ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕಂತೆ. ನಿಯಮ ಈಮೇಲಿನಲ್ಲಿತ್ತಂತೆ. ಇತ್ತು, ಸ್ವೀಡಿಷ್‌ನಲ್ಲಿತ್ತು. 'ಓದಿ ಒಪ್ಪಿದ್ದೇನೆ' ಎಂಬಲ್ಲಿ ಒತ್ತಿದ್ದೆ. ಒಪ್ಪಿದ್ದು ನಿಜ. ಇಂಗೆಲಾಳ ಮಡಚುವ ಕುರ್ಚಿಯನ್ನೇ ಹಗ್ಗದಲ್ಲಿ ಕಟ್ಟೋಣವೇ ಎಂದು ಕೇಳಿದೆ. ಅವಳು ಈ ದೇಶದವರ ಆ ಮೃದುವಾದ ನಗು ನಕ್ಕಳು. ಅದರ ಮುಂದೆ ಕಬ್ಬಿಣದ ಗೇಟು ವಾಸಿ. ಆದರೆ ಮಧ್ಯಾಹ್ನದ ಸರದಿಯೊಳಗೆ ಸೀಟು ತಂದು ಕೂರಿಸಿದರೆ ಓಡಿಸಬಹುದು ಎಂದಳು. ಪಕ್ಕದಲ್ಲೇ ಇದ್ದ ಅಭಿಜಿತ್, ನಾನು ವ್ಯಾಗನ್ನಲ್ಲಿ ಹೋಗಿ ತರ್ತೀನಿ ಬಿಡಿ ಅಂಕಲ್ ಎಂದ. ಮಾನ ಉಳಿಯಿತು! ಮನೆಗೆ ಫೋನ್ ಮಾಡಿದೆ.

"ಶೋಭನಾ, ಸೀಟು ಅರ್ಜೆಂಟಾಗಿ ಬೇಕು."

"ಆಗಲ್ಲ. ಲಕ್ಷ್ಮಿ ಕೂತಿದ್ದಾಳೆ."

"ಸ್ವಲ್ಪ ಸೋಫಾ ಮೇಲೆ ಕೂರೋಕೆ ಹೇಳೇ ಅವರಿಗೆ."

ಉತ್ತರವಾಗಿ ಒಂದು ಫೋಟೋ ಬಂತು. ನನ್ನ ರೇಸ್ ಕಾರಿನ ಸೀಟು! ಹೆಡ್‌ರೆಸ್ಟಿನಿಂದ ಇಳಿಬಿದ್ದ ಹಸಿರು ಮೈಸೂರು ರೇಷ್ಮೆ, ನೆರಿಗೆ ಒಂದೂ ಆಚೀಚೆಯಿಲ್ಲ. ಸೀಟಿನ ಎರಡು ಉಬ್ಬುಗಳ ನಡುವೆ ಅಚ್ಚು ಹೊಯ್ದಂತೆ ಕೂತ ಕಲಶ, ಅದರ ಮೇಲೆ ಬೆಳ್ಳಿಯ ಮುಖವಾಡ. ಬೆಲ್ಟಿನ ಬಕಲಿಗೆ ಹೂವಿನ ದಂಡೆ. ಬಾಳೆಕಂಬ ಸಿಗದೆ ಎರಡೂ ಬದಿಗೆ ಬರ್ಚ್ ಕೊಂಬೆ. ವರಮಹಾಲಕ್ಷ್ಮಿ ತುಸು ಹಿಂದಕ್ಕೊರಗಿ, ದೂರ ಪ್ರಯಾಣಕ್ಕೆ ಹೊರಟವಳಂತೆ ಆರಾಮವಾಗಿ ಕೂತಿದ್ದಳು.

"ಹೋದ ವರ್ಷ ಕುರ್ಚಿ ಮೇಲಿಟ್ಟು ಕಲಶ ವಾಲಿ ಎಷ್ಟು ಒದ್ದಾಡಿದ್ವಿ" ಎಂದಳು ಶೋಭನಾ, ಹೊಸ ಯಂತ್ರ ಕೊಂಡವಳ ಉತ್ಸಾಹದಲ್ಲಿ. "ಇದ್ರಲ್ಲಿ ಲಿವರ್ ಎಳೆದ್ರೆ ಎಷ್ಟು ಬೇಕೋ ಅಷ್ಟು ಒರಗುತ್ತೆ ರೀ."

"ಒಂದೆರಡು ಗಂಟೆ ಎಬ್ಬಿಸೋಕಾಗಲ್ವಾ? ಇಲ್ಲಿ ನನ್ನ ಮಾನ ಹೋಗ್ತಿದೆ."

"ಶುಕ್ರವಾರ ಮನೆಗೆ ಬಂದ ಲಕ್ಷ್ಮೀನ ಎಬ್ಬಿಸಿ ಆಚೆ ಕಳಿಸ್ಬಹುದಾ ಅಂತ ನಿಮ್ಮಮ್ಮಂಗೆ ಫೋನ್ ಮಾಡಿ ಕೇಳ್ಲಾ?"

ಫೋನಿಟ್ಟೆ. ಅಮ್ಮನ ಕಿವಿಗೆ ಬೀಳುವುದಕ್ಕಿಂತ ಸೋಲು ಮೇಲು.

ಮಧ್ಯಾಹ್ನದ ಸರದಿ ಬಂತು. ನನ್ನ ರಥ ಮೂಲೆಯಲ್ಲಿ ಹೆಡ್‌ಲೈಟು ಮುಚ್ಚಿಕೊಂಡು ನಿಂತಿತ್ತು. ನನ್ನ ಮುಖ ನೋಡಿ ಕರುಣೆ ಬಂದ ಅಭಿಜಿತ್, ಬೇರೆಯವರನ್ನು ಕೂರಿಸಿಕೊಂಡು ಓಡಿಸಲು ತನಗೆ ಅನುಮತಿಯಿದೆ, ಬನ್ನಿ ಎಂದ. ವೋಲ್ವೊದ ಬಲಗಡೆಯ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತೆ. ಎಷ್ಟೋ ವರ್ಷಗಳ ಮೇಲೆ ನಾನು ಬೇರೊಬ್ಬರ ಪಕ್ಕದಲ್ಲಿ ಕೂತದ್ದು.

ಮೊದಲ ತಿರುವಿನಲ್ಲಿ ಅವನಿಗೆ ಒಂದೆರಡು ಸಲಹೆ ಕೊಟ್ಟೆ. ಎರಡನೆಯ ತಿರುವಿನಲ್ಲಿ ಪೈನ್ ಮರಗಳ ಇಡೀ ತೋಪು ನನ್ನ ಬಾಗಿಲ ಕಡೆಗೇ ಓಡಿ ಬಂತು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು, ಕೈ ಮೇಲಿನ ಹಿಡಿಕೆಯನ್ನು ಹುಡುಕಿಕೊಂಡಿತು. ಮೂರನೆಯ ತಿರುವು ಹೇಗಿತ್ತೋ ಗೊತ್ತಿಲ್ಲ, ನಾನು ನೋಡಲಿಲ್ಲ. ಮೊದಲು ಮನೆದೇವರ ಹೆಸರು ಬಂತು, ಆಮೇಲೆ ಪಕ್ಕದ ಮನೆಯವರ ಮನೆದೇವರು, ಆಮೇಲೆ ಊರಲ್ಲಿ ಬಸ್ಸಿನ ಕಿಟಕಿಯಿಂದ ಕೈ ಮುಗಿದಿದ್ದ ದೇವರುಗಳೆಲ್ಲ ಸಾಲುಗಟ್ಟಿದರು.

ಕಾರು ನಿಂತಿತು. ಯಾರೋ ಮೆಲ್ಲಗೆ ಹೆಗಲು ಮುಟ್ಟಿದರು. ಅಭಿಜಿತನ ಮುಖದಲ್ಲಿ ಧನ್ಯತೆ ತುಳುಕುತ್ತಿತ್ತು.

"ಅಂಕಲ್, ನನ್ನ ಡ್ರೈವಿಂಗ್ ಮೇಲೆ ಅಷ್ಟು ನಂಬಿಕೇನಾ? ಮಲಗೇಬಿಟ್ರಲ್ಲ. ತುಟಿ ಬೇರೆ ಅಲುಗ್ತಿತ್ತು, ಏನೋ ಕನಸು ಕಾಣ್ತಿದ್ರಿ."

ಹೆಲ್ಮೆಟ್ ಕಳಚಿ ಕಾರಿನಿಂದ ಇಳಿದೆ.

ಮನೆಗೆ ಮರಳುವಾಗ ದಾರಿಯುದ್ದಕ್ಕೂ ಬಲಗಡೆಯ ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು. ಸರ್ಕಲ್‌ಗಳಲ್ಲಿ ಬ್ರೇಕು ಒತ್ತುವ ಪದ್ಧತಿಯೂ ಇದೆಯೆಂದು ಅಂದು ಕಂಡುಕೊಂಡೆ. ಆರತಿಯ ಹೊತ್ತಿಗೆ ತಲುಪಿದೆ. ಅರಿಶಿನ ಕುಂಕುಮಕ್ಕೆ ಬಂದ ಕೂಟದ ಹೆಂಗಸರೆಲ್ಲ ಸುತ್ತ ನಿಂತು ಲಿವರ್ ಎಳೆಯುವ ಸೌಕರ್ಯವನ್ನು ಕೊಂಡಾಡುತ್ತಿದ್ದರು. ಮೂವರಂತೂ, ನಿಮ್ಮ ಯಜಮಾನರು ಇನ್ನೊಂದು ಸೀಟು ಬಿಚ್ಚಿ ಕೊಡುತ್ತಾರಾ ಎಂದು ವಿಚಾರಿಸುತ್ತಿದ್ದರು. ಟ್ರ್ಯಾಕಿನ ಸುದ್ದಿ ನನಗಿಂತ ಮೊದಲೇ ವಾಟ್ಸಾಪ್ ಗುಂಪಿಗೆ ತಲುಪಿತ್ತು. ಎಲ್ಲರೂ ಊಟ ಮಾಡಿ ಹೊರಟ ಮೇಲೆ ಶೋಭನಾ ಸಿಂಕಿನ ಕಡೆ ಕೈ ತೋರಿಸಿ, "ರಾಜ್ಯೋತ್ಸವದ ತನಕ ಯಾಕೆ ಕಾಯ್ಬೇಕು?" ಎಂದಳು. ತೊಳೆದೆ.

ಮರುದಿನ ಪೂಜೆ ಮುಗಿಸಿ ಕಲಶ ಕದಲಿಸಿದಳು, ಸೀರೆ ಮಡಚಿಟ್ಟಳು. ಪಶ್ಚಾತ್ತಾಪದಿಂದ ಮೆತ್ತಗಾಗಿದ್ದ ನಾನು ಸ್ಪ್ಯಾನರು ಹಿಡಿದು ಹಾಲಿಗೆ ಬಂದರೆ ಸೀಟು ಖಾಲಿಯಿರಲಿಲ್ಲ. ಶೋಭನಾ ಅದರಲ್ಲಿ ಒರಗಿ, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು, ಕಣ್ಣು ಮುಚ್ಚಿದ್ದಳು. ತುಟಿ ಅಲುಗುತ್ತಿರಲಿಲ್ಲ. ಸಣ್ಣಗೆ ಗೊರಕೆ ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಆ ಗೊರಕೆ ನನ್ನ ಕಾರಿನಲ್ಲಿ ಒಮ್ಮೆಯೂ ಕೇಳಿದ್ದಿಲ್ಲ.

ಕೆಮ್ಮಿದೆ. ಗೊರಕೆ ನಿಂತಿತು.

"ಏಳು, ಸೀಟು ವಾಪಸ್ ಹಾಕ್ತೀನಿ. ಇನ್ಮೇಲೆ ನಿಧಾನಕ್ಕೆ ಓಡಿಸ್ತೀನಿ."

"ಅವಸರ ಏನಿಲ್ಲ."

"ಸಾಕ್ಷಾತ್ ಮಹಾಲಕ್ಷ್ಮಿ ಕೂತೆದ್ದ ಸೀಟು ಕಣೇ ಇದು. ಅವಳೇ ನಿಶ್ಚಿಂತೆಯಿಂದ ಕೂತಿದ್ಲು, ನಿನಗೇನು ಭಯ?"

ಶೋಭನಾ ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಕೆಳಗೆ ಹೋಗಿ ಲಿವರ್ ಎಳೆದು ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿಕೊಂಡಿತು.

"ಅವಳು ಕೂತಿದ್ದೂ ಇದು ನಿಮ್ಮ ಕಾರಿಂದ ಆಚೆ ಬಂದ್ಮೇಲೇನೇ."